ಮಲೆನಾಡಲ್ಲಿ ಮನೆ, ತೋಟ ಕೊಳ್ಳೋದಾದರೆ ಎಲ್ಲಿ? ಕೊಡಗು, ಸಕಲೇಶಪುರ, ತೀರ್ಥಹಳ್ಳಿ, ಶಿರಸಿ: ಒಂದು ಹೋಲಿಕೆ

ನವೆಂಬರ್ ಬಂತು ಅಂದರೆ ನನಗೆ ಫೋನು ಶುರುವಾಗುತ್ತದೆ. ದೀಪಾವಳಿ ರಜೆಗೆ ಮಲೆನಾಡು ಸುತ್ತಿ ಹೋದವರು, ಹಳೇ ಆಫೀಸಿನವರು, ಅವರ ನೆಂಟರು. "ಒಂದೆರಡು ಎಕರೆ ತೋಟ, ಒಂದು ಹಂಚಿನ ಮನೆ, ಎಲ್ಲಾದರೂ ಇದ್ದರೆ ಹೇಳಿ" ಅಂತಾರೆ. ಎಲ್ಲಿ ಬೇಕು ಅಂತ ಕೇಳಿದರೆ "ಎಲ್ಲಾದರೂ ಪರವಾಗಿಲ್ಲ, ಮಲೆನಾಡಾದರೆ ಸಾಕು." ತೊಂದರೆ ಶುರುವಾಗೋದೇ ಈ 'ಎಲ್ಲಾದರೂ' ಅನ್ನೋದರಿಂದ. ಕೊಡಗಿಗೂ ಶಿರಸಿಗೂ ಬೆಲೆಯಲ್ಲಿ ಮಾತ್ರ ವ್ಯತ್ಯಾಸ ಅಂದುಕೊಂಡು ಬರುತ್ತಾರೆ. ಕಾಗದ ಬೇರೆ, ಬೆಳೆ ಬೇರೆ, ಮಳೆ ಬೇರೆ, ತೋಟಕ್ಕೆ ನುಗ್ಗುವ ಪ್ರಾಣಿ ಬೇರೆ, ರಾತ್ರಿ ಎದೆನೋವು ಬಂದರೆ ಓಡಬೇಕಾದ ಊರು ಕೂಡ ಬೇರೆ.

ನಾನು, ನನ್ನ ಹೆಂಡತಿ 2019ರಿಂದ ಮೂರು ವರ್ಷ ಹುಡುಕಿದೆವು. ಮಡಿಕೇರಿಯಿಂದ ಶಿರಸಿವರೆಗೆ ಜಾಗ ನೋಡಿದೆವು, ಒಂದು ಕಡೆ ಮುಂಗಡ ಕೊಟ್ಟು ಸಿಕ್ಕಿಬಿದ್ದೆವು, ಕೊನೆಗೆ ತೀರ್ಥಹಳ್ಳಿ ಕಡೆ ನಿಂತೆವು. ಹಾಗಾಗಿ ಇಲ್ಲಿ ಬರೆಯೋದರಲ್ಲಿ ನಮ್ಮ ಕಡೆಯ ಒಲವು ಸ್ವಲ್ಪ ಇದ್ದೇ ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ. ಬೇರೆಲ್ಲ ಮರೆತರೂ ಇದೊಂದನ್ನು ಮರೀಬೇಡಿ: ಯಾವ ಜಾಗವನ್ನೂ ಜುಲೈನಲ್ಲಿ, ಮಳೆ ಹಿಡಿದು ನಾಲ್ಕು ದಿನ ಆದ ಮೇಲೆ, ಹೋಗಿ ನೋಡದೆ ಒಂದು ರೂಪಾಯಿ ಮುಂಗಡ ಕೊಡಬೇಡಿ. ನವೆಂಬರ್‌ನಲ್ಲಿ ಮಲೆನಾಡಿನ ಎಲ್ಲ ಜಾಗವೂ ಚೆಂದ. ಹಸಿರು ಇರುತ್ತದೆ, ಝರಿ ಹರಿಯುತ್ತಿರುತ್ತದೆ, ದಾರಿ ಒಣಗಿರುತ್ತದೆ. ಬ್ರೋಕರ್‌ಗಳು ನಿಮ್ಮನ್ನು ಕರೆಯೋದು ಆಗಲೇ.

ಮೊದಲು ಒಂದು ಪ್ರಶ್ನೆ

ನೀವು ಅಲ್ಲಿ ಬದುಕೋಕೆ ಹೋಗ್ತಿದ್ದೀರಾ, ವಾರಕ್ಕೊಮ್ಮೆ ಹೋಗಿ ಬರೋಕಾ, ಅಥವಾ ದುಡ್ಡು ಹಾಕಿ ಇಡೋಕಾ? ಮೂರೂ ಬೇಕು ಅನ್ನೋರೇ ಜಾಸ್ತಿ. ಒಂದೇ ಜಾಗದಲ್ಲಿ ಮೂರೂ ಸಿಗೋದು ಅಪರೂಪ. ಬೆಂಗಳೂರಿಂದ ಶುಕ್ರವಾರ ಸಂಜೆ ಹೊರಟು ರಾತ್ರಿ ಊಟಕ್ಕೆ ತಲುಪಬೇಕು ಅಂದರೆ ಸಕಲೇಶಪುರ, ಸುಮಾರು 220 ಕಿಲೋಮೀಟರ್, ರೈಲೂ ಇದೆ. ಮೈಸೂರು ಕಡೆಯವರಿಗೆ ಕೊಡಗು ಹತ್ತಿರ. ಹುಬ್ಬಳ್ಳಿ, ಧಾರವಾಡದವರಿಗೆ ಶಿರಸಿ 100 ಕಿಲೋಮೀಟರ್ ಆಸುಪಾಸು. ತೀರ್ಥಹಳ್ಳಿ ಬೆಂಗಳೂರಿಗೆ ದೂರವೇ. ವಾರಾಂತ್ಯಕ್ಕೆ ಬಂದು ಹೋಗುತ್ತೇವೆ ಅಂತ ಇಲ್ಲಿ ಕೊಂಡವರು ಎರಡನೇ ವರ್ಷಕ್ಕೆ ಎರಡು ತಿಂಗಳಿಗೊಮ್ಮೆ ಬರುತ್ತಾರೆ, ಮೂರನೇ ವರ್ಷಕ್ಕೆ ಬೀಗ ಹಾಕುತ್ತಾರೆ. ಬೀಗ ಹಾಕಿದ ಹಂಚಿನ ಮನೆ ಎರಡು ಮಳೆಗಾಲದಲ್ಲಿ ಹಾಳಾಗುತ್ತದೆ. ಒಂದು ಹಂಚು ಜಾರಿದರೆ ಸಾಕು, ಹಂಚು ಹೊರುವ ಮರದ ಪಕಾಸಿ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ನಿತ್ಯ ಒಲೆ ಉರಿದು, ಹೊಗೆ ಮೇಲೇರಿ ಮಾಡಿನ ಮರಕ್ಕೆ ತಾಗುತ್ತಿದ್ದರೆ ಆ ಮನೆ ಬಾಳಿಕೆ ಬರುತ್ತದೆ.

ಕೊಡಗು

ಕಾಫಿ, ಕರಿಮೆಣಸು, ಒಳ್ಳೆ ರಸ್ತೆ, ಅಚ್ಚುಕಟ್ಟಾದ ಊರುಗಳು. ಬೆಲೆ ಮಾತ್ರ ಮಲೆನಾಡಿನಲ್ಲೇ ಮೇಲೆ. ಈಚಿನ ವರ್ಷಗಳಲ್ಲಿ ಕಾಫಿಗೆ ರೇಟು ಬಂದ ಮೇಲಂತೂ ಒಳ್ಳೆ ತೋಟ ಮಾರುವವರೇ ಕಮ್ಮಿ. ಜಿಲ್ಲೆಯಲ್ಲಿ ರೈಲಿಲ್ಲ. ದೊಡ್ಡ ಕಾಯಿಲೆಗೆ ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಅದು ಬಿಟ್ಟರೆ 120 ಕಿಲೋಮೀಟರ್ ದೂರದ ಮೈಸೂರು, ಇಲ್ಲವೇ ಘಾಟಿ ಇಳಿದು ಮಂಗಳೂರು.

ಕೊಡಗಿನಲ್ಲಿ ತಲೆ ಕೆಡಿಸುವುದು ಕಾಗದ. ಇಲ್ಲಿನ ಜಮ್ಮಾ ಬಾಣೆ ಬೇರೆಲ್ಲೂ ಇಲ್ಲದ ಪದ್ಧತಿ. ಹಿಂದಿನಿಂದ ಬಂದ ಕುಟುಂಬದ ಆಸ್ತಿ, ಪಟ್ಟೆದಾರರ (ಕುಟುಂಬದ ಮುಖ್ಯಸ್ಥರ) ಹೆಸರಲ್ಲಿ ಇರುತ್ತದೆ, ಒಳಗೆ ಇಡೀ ಒಕ್ಕದ, ಅಂದರೆ ಮನೆತನದ, ಹಕ್ಕು ಇರುತ್ತದೆ. ನಿಮ್ಮ ಮುಂದೆ ಕೂತು ಕಾಫಿ ಕೊಟ್ಟು ಮಾತಾಡಿದವರು ಆ ಜಾಗವನ್ನು ನಲವತ್ತು ವರ್ಷದಿಂದ ನೋಡಿಕೊಂಡು ಬಂದಿರಬಹುದು, ಆದರೂ ಪಹಣಿಯಲ್ಲಿ (ಜಮೀನಿನ ಹಕ್ಕುದಾಖಲೆಯಲ್ಲಿ) ಹದಿನೈದು ಹೆಸರಿದ್ದರೆ ಅವರೊಬ್ಬರ ಸಹಿಗೆ ಬೆಲೆ ಇಲ್ಲ. ಮರದ ಹಕ್ಕಿನ ಮಾತು ಇನ್ನೊಂದು. ರಿಡೀಮ್ಡ್, ಅನ್‌ರಿಡೀಮ್ಡ್ ಅಂತ ಕೇಳುತ್ತೀರಿ. ಅನ್‌ರಿಡೀಮ್ಡ್ ಜಾಗದಲ್ಲಿ ಮರದ ಬೆಲೆ ಸರ್ಕಾರಕ್ಕೆ ಕಟ್ಟಿರುವುದಿಲ್ಲ, ತೋಟದಲ್ಲಿರುವ ಬೀಟೆ ಮರ ನೋಡಿ ಲೆಕ್ಕ ಹಾಕಿಕೊಳ್ಳಬೇಡಿ. ಸಿ ಮತ್ತು ಡಿ ಜಮೀನು ಅನ್ನುವ ಮಾತು ಬಂದರೆ, ಅದರಲ್ಲೂ ಸೋಮವಾರಪೇಟೆ ಕಡೆ, ಎದ್ದು ಬನ್ನಿ. ಅದು ಅರಣ್ಯ ಇಲಾಖೆ, ಕಂದಾಯ ಇಲಾಖೆ ನಡುವೆ ಸಿಕ್ಕಿಕೊಂಡ ಜಾಗ.

ಒಂದೇ ಜಿಲ್ಲೆಯೊಳಗೆ ಎಷ್ಟು ವ್ಯತ್ಯಾಸ ಅಂದರೆ, ಮಡಿಕೇರಿಯಿಂದ ಕುಶಾಲನಗರಕ್ಕೆ 30 ಕಿಲೋಮೀಟರ್ ಇಳಿಯುವಷ್ಟರಲ್ಲಿ ಮಳೆ ಅರ್ಧಕ್ಕೂ ಕಮ್ಮಿಯಾಗುತ್ತದೆ. ವಯಸ್ಸಾದವರಿಗೆ, ಕೀಲುನೋವು, ಉಬ್ಬಸ ಇರುವವರಿಗೆ ಈ ಪೂರ್ವದ ಕಡೆಯೇ ವಾಸಿ. ಭಾಗಮಂಡಲದ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಎಷ್ಟೋ ದಿನ ಬಿಡುವುದಿಲ್ಲ. ಸಿದ್ದಾಪುರ, ಪೊನ್ನಂಪೇಟೆ ಸುತ್ತ ಆನೆ. ಬೆಳಗ್ಗೆ ಕೆಲಸಕ್ಕೆ ಹೋಗುವವರು ಇವತ್ತು ಆನೆ ಎಲ್ಲಿದೆ ಅಂತ ಫೋನಲ್ಲಿ ಕೇಳಿಕೊಂಡೇ ಹೊರಡುತ್ತಾರೆ.

ಇನ್ನು 2018ರ ಆಗಸ್ಟ್. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದಲ್ಲಿ ಗುಡ್ಡ ಜಾರಿದ್ದು ನೆನಪಿದೆ ಅಲ್ವಾ. ಮರು ವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ. ಕೊಡಗು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು, ಮಟ್ಟ ಮಾಡಿ, "ಕಣಿವೆ ಕಾಣುವ ಸೈಟು" ಅಂತ ಮಾರುವ ಜಾಗ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ.

ಸಕಲೇಶಪುರ, ಮೂಡಿಗೆರೆ

ಕೊಡಗಿನಷ್ಟು ಬೆಲೆ ಇಲ್ಲ, ಬೆಂಗಳೂರಿಗೆ ಹತ್ತಿರ, ಹಾಸನದ ಆಸ್ಪತ್ರೆಗಳಿಗೆ ಸಕಲೇಶಪುರದಿಂದ 40 ಕಿಲೋಮೀಟರ್. ವಾರಾಂತ್ಯಕ್ಕೆ ಬರುವವರಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ನಾವೂ ಮೊದಲು ಇಲ್ಲೇ ಮನಸ್ಸು ಮಾಡಿದ್ದು.

ಹನ್ನೆರಡು ಎಕರೆ ಕಾಫಿ ತೋಟ, ಹಳೇ ಮನೆ, ಕಾಫಿ ಒಣಗಿಸುವ ಕಣ, ಒಂದು ಸಣ್ಣ ಕೆರೆ. ನಾವಿಬ್ಬರೂ ಜೊತೆಗೆ ಇನ್ನೊಬ್ಬ ಸ್ನೇಹಿತರೂ ಸೇರಿ ಕೊಳ್ಳೋದು ಅಂತ ಆಗಿತ್ತು. ಫೆಬ್ರವರಿ ಕೊನೆ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಹತ್ತು ದಿನವಾಗಿತ್ತು. ಇಡೀ ತೋಟ ಬೆಳ್ಳಗೆ, ಮಲ್ಲಿಗೆ ವಾಸನೆ. ಆ ದಿನವೇ ಮುಂಗಡ ಕೊಟ್ಟೆವು. ಆಮೇಲೆ ಸರ್ವೇಯರ್ ಕರೆಸಿ ಅಳತೆ ಮಾಡಿಸಿದರೆ ಪಹಣಿಯಲ್ಲಿ ಇರುವುದು ಏಳು ಎಕರೆ ಚಿಲ್ಲರೆ. ಉಳಿದದ್ದು ಒತ್ತುವರಿ. ಸರ್ವೇಯರ್ ಚೈನು ಹಿಡಿದುಕೊಂಡು ನಡೆಯುತ್ತಾ ನಡೆಯುತ್ತಾ ಬಂದು ಮನೆಯ ಅಡುಗೆಮನೆ ಗೋಡೆಯ ಹತ್ತಿರ ನಿಂತು "ಗಡಿ ಇಲ್ಲಿಗೆ ಮುಗೀತು ಸಾರ್" ಅಂದರು. ಕಣ, ಪಂಪ್‌ಹೌಸು, ಕೆರೆ, ಮುಕ್ಕಾಲು ಮನೆ, ಎಲ್ಲ ಆಚೆಗೆ. ಮುಂಗಡ ವಾಪಸ್ ಬರಲು ಹದಿನಾಲ್ಕು ತಿಂಗಳು ಹಿಡಿಯಿತು, ಪೂರ್ತಿ ಬರಲೂ ಇಲ್ಲ.

ಮಾರಲು ಬಂದವರನ್ನು ನಾನು ಮೋಸಗಾರರು ಅನ್ನುವುದಿಲ್ಲ. ಅವರಜ್ಜನ ಕಾಲದಿಂದ ಉಳುಮೆ ಮಾಡಿದ ಜಾಗ, ಅವರ ಮನಸ್ಸಿನಲ್ಲಿ ಅದು ಅವರದ್ದೇ. ಕಾಫಿ ಸೀಮೆಯಲ್ಲಿ ಇದು ಮನೆಮನೆ ಕತೆ. ಸರ್ಕಾರವೇ ಒತ್ತುವರಿ ಮಾಡಿದ ಪ್ಲಾಂಟೇಶನ್ ಜಾಗವನ್ನು 25 ಎಕರೆವರೆಗೆ 30 ವರ್ಷದ ಗುತ್ತಿಗೆಗೆ ಕೊಡಲು ಕಾನೂನು ಮಾಡಿದೆ ಅಂದರೆ ಎಷ್ಟು ಇರಬಹುದು ಯೋಚನೆ ಮಾಡಿ. "ಗುತ್ತಿಗೆಗೆ ಅರ್ಜಿ ಹಾಕಿದೀವಿ", "ಸಕ್ರಮಕ್ಕೆ ಫಾರಂ 57 ಹಾಕಿದೀವಿ, ಇವತ್ತೋ ನಾಳೆಯೋ ಮಂಜೂರಾಗುತ್ತೆ" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಪಹಣಿಯಲ್ಲಿರುವ ಜಾಗಕ್ಕೆ ಮಾತ್ರ ಬೆಲೆ ಕಟ್ಟಿ.

ಇನ್ನೆರಡು ಮಾತು. ಆಲೂರು, ಸಕಲೇಶಪುರ, ಬೇಲೂರು ಸುತ್ತ ಆನೆ ಹಾವಳಿ ಕೊಡಗಿಗೇನೂ ಕಮ್ಮಿಯಿಲ್ಲ. ಮತ್ತೆ ಕಾಫಿ ಅಂದರೆ ಆಳು. ಅರೇಬಿಕಾ ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ ಕೊಯ್ಲು. ಈಗ ಎಷ್ಟೋ ತೋಟಗಳಲ್ಲಿ ಆಳುಗಳಿರುವ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯವರೇ ಇರುವುದು. ಎರಡು ಎಕರೆ ತೋಟಕ್ಕೆ ಯಾರೂ ಕಾಯಂ ಆಗಿ ಬರುವುದಿಲ್ಲ. ನೆರೆಯ ದೊಡ್ಡ ತೋಟದವರ ರೈಟರ್ (ಮೇಲ್ವಿಚಾರಕ) ಜೊತೆ ಚೆನ್ನಾಗಿದ್ದರೆ, ಅವರ ಕೆಲಸ ಮುಗಿದ ಮೇಲೆ, ನಾಲ್ಕು ಆಳು ಕಳಿಸುತ್ತಾರೆ. ಅರೇಬಿಕಾ ಗಿಡದ ಬುಡ ಅಲುಗಾಡಿಸಿ ನೋಡಿ, ಕಾಂಡದ ಮೇಲೆ ಉಬ್ಬಿದ ಗೆರೆ ಇದ್ದರೆ ಬಿಳಿ ಕಾಂಡಕೊರಕ ಹುಳ ಹೊಕ್ಕಿದೆ ಅಂತ ಅರ್ಥ.

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ

ನಾವಿರುವುದು ಇಲ್ಲಿ. ಅಡಿಕೆ ಸೀಮೆ. ಕಾಫಿ ಕಡೆಯಷ್ಟು ದೊಡ್ಡ ಹಿಡುವಳಿಗಳಿಲ್ಲ, ಒಂದೆರಡು ಎಕರೆ ತೋಟ, ಅರ್ಧ ಎಕರೆ ಗದ್ದೆ, ಒಂದು ಮನೆ, ಹೀಗೆ ಸಣ್ಣ ಸಣ್ಣ ಜಾಗ ಸಿಗುತ್ತದೆ. ವರ್ಷಪೂರ್ತಿ ಇರುವುದಾದರೆ ನನ್ನ ಓಟು ಈ ಕಡೆಗೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್, ಆಗುಂಬೆ ಘಾಟಿ ಇಳಿದರೆ ಮಣಿಪಾಲ. ಎರಡು ಕಡೆ ದೊಡ್ಡ ಆಸ್ಪತ್ರೆ ಅನ್ನೋದು ನಮ್ಮಂಥ ಅರವತ್ತರ ಹತ್ತಿರದವರಿಗೆ ಸಣ್ಣ ಮಾತಲ್ಲ. ಆದರೆ ಜೋರು ಮಳೆಯಲ್ಲಿ ಘಾಟಿ ರಸ್ತೆ ಕುಸಿದು ಬಂದ್ ಆಗುವುದುಂಟು, ಆಗ ಶಿವಮೊಗ್ಗ ಒಂದೇ ಗತಿ.

ಮಳೆ ಎಷ್ಟು ಅಂತ ಹೇಳಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ. ಮೊದಲ ವರ್ಷ ನಮ್ಮ ಮನೆಯ ಅಕ್ಕಿ ಡಬ್ಬದಿಂದ ಹಿಡಿದು ಚಪ್ಪಲಿಯ ಪಟ್ಟಿವರೆಗೆ ಬೂಷ್ಟು ಬಂತು. ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ, ಎಲ್ಲದಕ್ಕೂ ಹೊಗೆ ವಾಸನೆ. ಕರೆಂಟು ಹೋದರೆ ಮೂರು ದಿನ ಬಂದಿಲ್ಲದ್ದೂ ಇದೆ, ಯಾಕೆಂದರೆ ಲೈನ್‌ಮ್ಯಾನ್ ಒಬ್ಬರೇ, ಲೈನಿನ ಮೇಲೆ ಬಿದ್ದ ಮರ ಹತ್ತಾರು. ಇದನ್ನು ಕಷ್ಟ ಅಂತ ಹೇಳುತ್ತಿಲ್ಲ. ಸಂಜೆ ಒಲೆ ಮುಂದೆ ಕೂತು, ಹಂಚಿನ ಮೇಲೆ ಬೀಳುವ ಜಡಿಮಳೆ ಕೇಳುತ್ತಾ, ಹಲಸಿನ ಹಪ್ಪಳ ಸುಟ್ಟು ತಿನ್ನುವ ಸುಖಕ್ಕೆ ನಾನು ಬೆಂಗಳೂರು ಬಿಟ್ಟದ್ದು. ಆದರೆ ನಿಮ್ಮ ಮನೆಯವರಿಗೂ ಇದು ಸುಖ ಅನ್ನಿಸಬೇಕು, ಅದಕ್ಕೇ ಜುಲೈನಲ್ಲಿ ಜೊತೆಗೆ ಕರೆದುಕೊಂಡು ಬನ್ನಿ.

ನಮ್ಮ ಕಡೆಯ ದೊಡ್ಡ ಆಸ್ತಿ ಅಬ್ಬಿ ನೀರು. ಗುಡ್ಡದ ಮೇಲಿನ ಒರತೆಯಿಂದ ಪೈಪ್ ಹಾಕಿದರೆ ಪಂಪ್ ಇಲ್ಲದೆ ಅಡುಗೆಮನೆಗೆ ನೀರು ಬರುತ್ತದೆ. ಜಾಗ ಮಾರುವವರು ಇದನ್ನೇ ಮೊದಲು ತೋರಿಸುತ್ತಾರೆ. ನೀವು ಕೇಳಬೇಕಾದ್ದು ಎರಡು: ಏಪ್ರಿಲ್ ಕೊನೆಯಲ್ಲಿ ಎಷ್ಟು ದಪ್ಪ ಬರುತ್ತದೆ? ಒರತೆ ಇರುವುದು ಯಾರ ಜಾಗದಲ್ಲಿ? ನಮ್ಮದು ಪಕ್ಕದ ಮನೆಯವರ ಹಡ್ಲಿನ (ಪಾಳು ಗದ್ದೆಯ) ಮೇಲಿಂದ ಬರುತ್ತದೆ. ಅವರ ತಂದೆಯೂ ನಮಗೆ ಮನೆ ಮಾರಿದವರ ತಂದೆಯೂ ಬಾಯಿಮಾತಲ್ಲಿ ಒಪ್ಪಿಕೊಂಡದ್ದು, ಕಾಗದ ಇರಲಿಲ್ಲ. ಕ್ರಯಪತ್ರಕ್ಕೆ ಮೊದಲು ಅವರ ಮನೆ ಜಗಲಿಯಲ್ಲಿ ಕೂತು, ಎರಡು ಸಲ ಕಷಾಯ ಕುಡಿದು, ಒಂದು ಒಪ್ಪಂದ ಬರೆಸಿಕೊಂಡೆವು. ಈಗ ಮಳೆಗೆ ಪೈಪಿನ ಬಾಯಿಗೆ ಎಲೆ ಕಟ್ಟಿದರೆ ಇಬ್ಬರೂ ಸೇರಿ ಹತ್ತುತ್ತೇವೆ, ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು. ಇಲ್ಲದಿದ್ದರೆ ಉಂಬಳ (ಜಿಗಣೆ) ಬಿಡುವುದಿಲ್ಲ.

ಅಡಿಕೆ ತೋಟ ನೋಡುವಾಗ ತಲೆ ಎತ್ತಿ ಸೋಗೆ (ಅಡಿಕೆ ಎಲೆ) ನೋಡಿ. ಶೃಂಗೇರಿ, ಕೊಪ್ಪ ಕಡೆ ಹಳದಿ ಎಲೆ ರೋಗ ಹಳೇ ಶಾಪ, ಅದಕ್ಕೆ ಇವತ್ತಿಗೂ ಮದ್ದಿಲ್ಲ. "ಗೊಬ್ಬರ ಹಾಕಿಲ್ಲ, ಅದಕ್ಕೆ ಹಳದಿ" ಅಂದರೆ ನಂಬುವ ಮೊದಲು ಅಕ್ಕಪಕ್ಕದ ತೋಟ ನೋಡಿ ಬನ್ನಿ. ಅಲ್ಲೂ ಹಳದಿ ಇದ್ದರೆ ಅದು ಗೊಬ್ಬರದ ಮಾತಲ್ಲ. ಎಲೆಚುಕ್ಕಿ ರೋಗ ಈಚೆಗೆ ತೀರ್ಥಹಳ್ಳಿ, ಹೊಸನಗರದವರೆಗೂ ಹಬ್ಬಿ ಇಳುವರಿ ಇಳಿಸಿದೆ. ಕೊಳೆರೋಗಕ್ಕಂತೂ ಮಳೆಗೆ ಮೊದಲೊಮ್ಮೆ, ಸುಮಾರು ನಲವತ್ತು ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯಲೇಬೇಕು. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕಲಸುವುದು ಸುಲಭ, ಮರ ಹತ್ತುವವರು ಸಿಗುವುದು ಕಷ್ಟ. ಮರ ಹತ್ತಿ ಕೊನೆ (ಅಡಿಕೆ ಗೊನೆ) ಇಳಿಸುವ ಕೊನೆಗಾರರು ಮೂರೂರಿಗೆ ಒಬ್ಬರು. ಈಗೀಗ ಫೈಬರ್ ದೋಟಿ ಬಂದು ನೆಲದಿಂದಲೇ ಕೊನೆ ಇಳಿಸುವವರು ಬರುತ್ತಿದ್ದಾರೆ. ಅಡಿಕೆ ಬೇಯಿಸಿ ಒಣಗಿಸುವ ಉಸಾಬರಿ ಬೇಡ ಅಂದರೆ ಚೇಣಿಗೆ, ಅಂದರೆ ಫಸಲನ್ನು ಮರದಲ್ಲೇ ಗುತ್ತಿಗೆಗೆ, ಕೊಡಬಹುದು. ಮೊದಲ ಎರಡು ವರ್ಷ ನೀವು ಅದನ್ನೇ ಮಾಡಿ. ತೋಟದ ಆದಾಯದಲ್ಲೇ ಮನೆ ನಡೆಯುತ್ತದೆ ಅಂತ ಲೆಕ್ಕ ಹಾಕಿ ಕೆಲಸ ಬಿಡಬೇಡಿ.

ಸಾಗರ, ಸಿದ್ದಾಪುರ (ಉತ್ತರ ಕನ್ನಡದ್ದು), ಶಿರಸಿ

ಇಲ್ಲಿನ ಊರುಗಳಲ್ಲಿ ಕೃಷಿ ಅಚ್ಚುಕಟ್ಟು, ಓದು ಬರಹ ಚೆನ್ನಾಗಿದೆ, ಸಹಕಾರಿ ಸಂಘಗಳು ಗಟ್ಟಿ. ಮನೆಮನೆಗೆ ಗೋಬರ್ ಗ್ಯಾಸ್ ಇದ್ದ ಸೀಮೆ ಇದು. ಸಾಗರಕ್ಕೆ ರೈಲಿದೆ, ತಾಳಗುಪ್ಪದವರೆಗೆ. ಶಿರಸಿಗೆ ಇಲ್ಲ. ಶಿರಸಿಯಿಂದ ದೊಡ್ಡ ಆಸ್ಪತ್ರೆಗೆ ಹುಬ್ಬಳ್ಳಿ, ಇಲ್ಲವೇ ಘಾಟಿ ಇಳಿದು ಕುಮಟಾ, ಅಲ್ಲಿಂದ ಮಣಿಪಾಲ. ಮಳೆಗಾಲದ ರಾತ್ರಿ ಎರಡೂ ದೂರವೇ.

ಉತ್ತರ ಕನ್ನಡದಲ್ಲಿ ತಿಳಿಯಲೇಬೇಕಾದ್ದು ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ಬ್ರಿಟಿಷರ ಕಾಲದಿಂದ ತೋಟಿಗರಿಗೆ ಬಿಟ್ಟುಕೊಟ್ಟ ಕಾಡು, ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ. "ಎರಡು ಎಕರೆ ತೋಟ, ಹದಿನೆಂಟು ಎಕರೆ ಬೆಟ್ಟ" ಅಂತ ಕೇಳಿದರೆ ಹೊರಗಿನವರಿಗೆ ಇಪ್ಪತ್ತು ಎಕರೆ ಸಿಕ್ಕಿದ ಹಾಗೆ ಅನ್ನಿಸುತ್ತದೆ. ಬೆಟ್ಟ ನಿಮ್ಮದಲ್ಲ. ಅದು ಬಳಸುವ ಸವಲತ್ತು, ಒಡೆತನ ಅಲ್ಲ. ಅಲ್ಲಿ ಮನೆ ಕಟ್ಟುವಂತಿಲ್ಲ, ಮರ ಕಡಿಯುವಂತಿಲ್ಲ. ಆದರೆ ಚೆನ್ನಾಗಿ ಉಳಿಸಿಕೊಂಡ ಬೆಟ್ಟ ಇದ್ದರೆ ಕೆಳಗಿನ ಬಾವಿಗೆ ಬೇಸಿಗೆಯಲ್ಲೂ ನೀರಿರುತ್ತದೆ, ಹಾಗಾಗಿ ಬೆಲೆ ಕಟ್ಟದಿದ್ದರೂ ಬೆಟ್ಟ ನೋಡಿಯೇ ತೋಟ ಆರಿಸಿ. ಬೋಳು ಬೆಟ್ಟದ ಕೆಳಗಿನ ತೋಟ ಬೇಡ.

ಸಾಗರ, ಹೊಸನಗರ ಕಡೆ ಇನ್ನೊಂದು ನೋವಿನ ಸಂಗತಿ. ಲಿಂಗನಮಕ್ಕಿ ಅಣೆಕಟ್ಟಿಗೆ 1960ರ ದಶಕದಲ್ಲಿ ಮನೆ ಮಠ ಬಿಟ್ಟು ಬಂದವರಿಗೆ ಕೊಟ್ಟ ಎಷ್ಟೋ ಜಾಗ ಇವತ್ತಿಗೂ ದಾಖಲೆಯಲ್ಲಿ ಅರಣ್ಯ. ಅವರದೇ ಬದುಕು ಇತ್ಯರ್ಥವಾಗದೆ ಎರಡು ತಲೆಮಾರು ಕಳೆದಿದೆ. ಅಂಥ ಜಾಗಕ್ಕೆ ಕೈ ಹಾಕುವುದು ನಿಮಗೂ ಒಳ್ಳೆಯದಲ್ಲ, ಅವರಿಗೂ ಒಳ್ಳೆಯದಲ್ಲ.

ಮಂಗನ ಕಾಯಿಲೆ ವಿಚಾರ ಕೂಡ ಹೇಳಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡದ್ದು, ಸಾಗರದ ಅರಳಗೋಡಿನಲ್ಲಿ 2018-19ರಲ್ಲಿ ಜೀವ ತೆಗೆದದ್ದು. ಸಾಗರ, ತೀರ್ಥಹಳ್ಳಿ, ಸಿದ್ದಾಪುರ ಎಲ್ಲ ಕಡೆ ಇದೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವವರು ಉಣ್ಣೆ ಕಚ್ಚದಂತೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ತಕ್ಷಣ ಬಿಸಿನೀರಲ್ಲಿ ಮಿಂದು ಬಟ್ಟೆ ಬದಲಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಯಾವ ತರದ ಜಾಗ?

ಹಳೇ ಮನೆ ಇರುವ ತೋಟವೇ ವಾಸಿ. ಹಿರಿಯರು ಮನೆ ಕಟ್ಟಿದ ಜಾಗ ಅಂದರೆ ನೂರು ಮಳೆಗಾಲ ಪರೀಕ್ಷೆ ಮಾಡಿ ಬಿಟ್ಟ ಜಾಗ. ದುರಸ್ತಿಗೆ ದುಡ್ಡು ಹೋಗುತ್ತದೆ, ಹೋಗಲಿ. ಖಾಲಿ ಜಾಗ ತಗೊಂಡು ಮನೆ ಕಟ್ಟುವುದಾದರೆ ನಿಮ್ಮ ಅಂದಾಜಿಗಿಂತ ಜಾಸ್ತಿಯೇ ಆಗುತ್ತದೆ, ಮರಳು, ಸಿಮೆಂಟು ಒಳದಾರಿಯಲ್ಲಿ ಸಣ್ಣ ಗಾಡಿಗೆ ಬದಲಾಯಿಸಿ ತರಬೇಕು, ಮಳೆಗಾಲದ ನಾಲ್ಕು ತಿಂಗಳು ಕೆಲಸ ನಿಲ್ಲುತ್ತದೆ.

ಮೂರನೆಯದು, ದೊಡ್ಡ ತೋಟ ಕತ್ತರಿಸಿ ಇಪ್ಪತ್ತು ಗುಂಟೆ, ಹತ್ತು ಗುಂಟೆ ಮಾಡಿ ಮಾರುವ ಫಾರ್ಮ್ ಪ್ಲಾಟ್. ಗೇಟು, ಹೆಸರಿನ ಬೋರ್ಡು, ಈಜುಕೊಳದ ಚಿತ್ರ ಎಲ್ಲ ಇರುತ್ತದೆ. ನಿಮ್ಮ ಹೆಸರಿಗೆ ಬೇರೆ ಪಹಣಿ, ಬೇರೆ ಪೋಡಿ (ಅಳತೆ ಮಾಡಿ ಸರ್ವೆ ನಂಬರ್ ಬೇರ್ಪಡಿಸುವುದು) ಆಗುತ್ತದಾ ಅಂತ ಕೇಳಿ. ಇಡೀ ತೋಟದಲ್ಲಿ ಇಷ್ಟು ಪಾಲು ಅಂತ ಮಾತ್ರ ಬರೆದುಕೊಟ್ಟರೆ ನಾಳೆ ಅದರ ಮೇಲೆ ಸಾಲವೂ ಇಲ್ಲ, ಮಾರುವುದೂ ಕಷ್ಟ. ನಾನಂತೂ ಯಾರಿಗೂ ಇದನ್ನು ತಗೊಳ್ಳಿ ಅಂತ ಹೇಳಿಲ್ಲ.

ಕಾಗದ

2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋದ ಮೇಲೆ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಆದರೆ ಅಮೆರಿಕ, ದುಬೈಯಲ್ಲಿರುವ ನಮ್ಮವರು ಗಮನಿಸಿ, ಎನ್‌ಆರ್‌ಐಗಳು ಮತ್ತು ಒಸಿಐ ಕಾರ್ಡ್ ಇರುವವರು (ವಿದೇಶಿ ಪೌರತ್ವದ ಭಾರತೀಯ ಮೂಲದವರು) ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಅಪ್ಪನಿಂದ ಬಂದರೆ ಸರಿ, ದುಡ್ಡು ಕೊಟ್ಟು ಕೊಳ್ಳುವುದಕ್ಕೆ ಆಗುವುದಿಲ್ಲ. ಊರಲ್ಲಿರುವ ತಮ್ಮನ ಹೆಸರಲ್ಲಿ ಕೊಂಡು ಸಂಬಂಧ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಪಹಣಿಯಲ್ಲಿ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ, ತಕರಾರು. ಪಹಣಿ ಒಂದನ್ನೇ ನೋಡಿ ತೃಪ್ತಿ ಪಡಬೇಡಿ, ಮ್ಯುಟೇಶನ್ (ಹಕ್ಕು ಬದಲಾದ ದಾಖಲೆ) ಹಿಂದಕ್ಕೆ ಹಿಂದಕ್ಕೆ ಹೋಗಿ ಜಾಗ ಮೊದಲು ಹೇಗೆ ಬಂತು ಅಂತ ನೋಡಿ. ಮಂಜೂರಾದ ಜಾಗವಾದರೆ ಷರತ್ತು ಏನಿದೆ? ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಾಗವನ್ನು 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ನಡುವೆ ನಾಲ್ಕು ಕೈ ಬದಲಾಗಿದ್ದರೂ ಅದು ವಾಪಸ್ ಹೋಗಬಹುದು, 2023ರಲ್ಲಿ ಇದಕ್ಕೆ ಕಾಲಮಿತಿಯೂ ಇಲ್ಲ ಅಂತ ಮಾಡಿದ್ದಾರೆ. ಅವರ ಭೂಮಿ ಅವರಿಗೇ ಉಳಿಯಲಿ ಅಂತ ಮಾಡಿದ ಕಾನೂನು ಅದು, ಸುತ್ತುದಾರಿ ಹುಡುಕಬೇಡಿ.

ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ ಅಂತ ಬರೆದದ್ದು, ನೋಡಿ. ಬಿ ಖರಾಬು ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ, ಬೇಲಿಯೊಳಗೆ ಇದ್ದರೂ ನಿಮ್ಮದಲ್ಲ. ಅರಣ್ಯ ಕಾಯ್ದೆಯ ಸೆಕ್ಷನ್ 4 (ಮೀಸಲು ಅರಣ್ಯ ಮಾಡುವ ಅಧಿಸೂಚನೆ) ಆಗಿದೆಯಾ, ಡೀಮ್ಡ್ ಫಾರೆಸ್ಟ್ (ಅರಣ್ಯ ಅಂತಲೇ ಪರಿಗಣಿಸಿದ ಜಾಗ) ಪಟ್ಟಿಯಲ್ಲಿದೆಯಾ ಅಂತ ಅರಣ್ಯ ಇಲಾಖೆಯಲ್ಲಿ ಲಿಖಿತವಾಗಿ ಕೇಳಿ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡು 2024ರ ಜುಲೈ 31ರಂದು ಬಂತು, ಅದರಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಇದೆ. ರಾಜ್ಯ ಸರ್ಕಾರ ಒಪ್ಪಿಲ್ಲ. ತೋಟ ಮಾಡಿಕೊಂಡು ಇರುವವರು ಇದಕ್ಕೆ ಹೆದರಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ರೆಸಾರ್ಟ್ ಕಟ್ಟುವ ಯೋಚನೆ ಇದ್ದರೆ ಪಟ್ಟಿಯಲ್ಲಿ ಊರಿನ ಹೆಸರು ಇದೆಯಾ ನೋಡಿಕೊಳ್ಳಿ.

ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಜಾಗದ ನಡುವೆ ನಿಂತರೆ ಸರ್ವೆ ನಂಬರ್ ಗೊತ್ತಾಗುತ್ತದೆ. ಅಷ್ಟಕ್ಕೆ ಮಾತ್ರ ಅದು, ಗಡಿಗೆ ಸರ್ವೇಯರ್ ಬೇಕೇ ಬೇಕು. ಮುಂಗಡದ ಕರಾರಿನಲ್ಲಿ "ಅಳತೆ ಪಹಣಿಗೆ ತಾಳೆಯಾಗದಿದ್ದರೆ ಇಂತಿಷ್ಟು ದಿನದಲ್ಲಿ ಮುಂಗಡ ವಾಪಸ್" ಅಂತ ಬರೆಸಿ. ನಾವು ಬರೆಸಿರಲಿಲ್ಲ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1 ಇದ್ದದ್ದು 2 ಆಗಿದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಜುಲೈನಲ್ಲಿ ಹೋದಾಗ ಏನು ನೋಡಬೇಕು

ದಾರಿ ಮೊದಲು. ಕಾರು ಎಲ್ಲಿಯವರೆಗೆ ಹೋಗುತ್ತದೆ? ಹಳ್ಳ ಬಂದರೆ ಸಂಕ (ಸಣ್ಣ ಸೇತುವೆ) ಮುಳುಗುತ್ತದಾ? ಆ ದಾರಿ ಸರ್ವೆ ನಕಾಶೆಯಲ್ಲಿ ಇದೆಯಾ, ಇಲ್ಲ ಪಕ್ಕದವರ ತೋಟದ ಮೇಲೆ ವಾಡಿಕೆಯಲ್ಲಿ ಹೋಗುತ್ತಿರುವುದಾ? ವಾಡಿಕೆ ದಾರಿಯಾದರೆ ಅವರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಮಲೆನಾಡಿನ ಜಗಳಗಳಲ್ಲಿ ಅರ್ಧ ದಾರಿಯದ್ದು, ಉಳಿದರ್ಧ ನೀರಿನದ್ದು.

ಆಮೇಲೆ ಮನೆ ಹಿಂದಿನ ದರೆ (ಕಡಿದಾದ ಮಣ್ಣಿನ ಗೋಡೆ). ಎಷ್ಟು ಎತ್ತರ, ಮನೆಗೆ ಎಷ್ಟು ಹತ್ತಿರ, ಈಚೆಗೆ ಕಡಿದದ್ದಾ? ಮೇಲಿನ ಮರಗಳು ನೆಟ್ಟಗೆ ನಿಂತಿವೆಯಾ, ಒಂದೇ ಕಡೆ ವಾಲಿವೆಯಾ? ನೆಲದಲ್ಲಿ ಅಡ್ಡ ಬಿರುಕು ಇದ್ದರೆ, ಒರತೆಯಿಂದ ಕೆಸರು ನೀರು ಬರುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ನಾವು ಮೂಡಿಗೆರೆ ಕಡೆ ಒಂದು ಮನೆ ಇದಕ್ಕೇ ಬಿಟ್ಟೆವು. ಹಿತ್ತಲ ಬಾಗಿಲು ತೆರೆದರೆ ಕೈಗೆ ಸಿಗುವಷ್ಟು ಹತ್ತಿರ ಕೆಂಪು ದರೆ, ಅದರ ಬುಡದಲ್ಲಿ ಸಣ್ಣಗೆ ಮಣ್ಣು ಉದುರಿ ರಾಶಿಯಾಗಿತ್ತು. ಆ ಮನೆಯ ಅಜ್ಜಿಯೇ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಮಳೆ ಜೋರಾದ ರಾತ್ರಿ ನಾವು ಈ ಕೋಣೇಲಿ ಮಲಗಲ್ಲ ಮಗಾ" ಅಂದರು. ಬೇಸಿಗೆಯಲ್ಲಿ ಹೋಗಿದ್ದರೆ ಆ ಮಾತು ಬರುತ್ತಿರಲಿಲ್ಲ.

ಫೋನಿನ ಸಿಗ್ನಲ್ ಅಂಗಳದಲ್ಲಿ ಅಲ್ಲ, ಒಳಗೆ ಕೂತು ನೋಡಿ, ಅದೂ ಕರೆಂಟಿಲ್ಲದಾಗ. ಟವರಿಗೂ ಬ್ಯಾಟರಿ ಮುಗಿಯುತ್ತದೆ. ಮನೆಯಿಂದ ಕೆಲಸ ಮಾಡುವವರು ಊರಿನ ಕೇಬಲ್‌ನವರ ಫೈಬರ್ ಬರುತ್ತದಾ ಕೇಳಿ.

ಕೊನೆಗೆ ನೆರೆಹೊರೆ. ನಮ್ಮ ಓಣಿಯಲ್ಲಿ ಇರುವವರೆಲ್ಲ ಹಿರಿಯರು, ಮಕ್ಕಳು ಬೆಂಗಳೂರಲ್ಲಿ. ಹೊಸಬರು ಬಂದು ದೀಪ ಹಚ್ಚಿದರೆ ಅವರಿಗೆ ನಿಜವಾಗಿ ಖುಷಿ, ಬೇಲಿ ಹಾಕಿ ಹಳೇ ಕಾಲುದಾರಿ ಮುಚ್ಚಿದರೆ ಅಷ್ಟೇ ಬೇಜಾರು. ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹಳ್ಳಿಯಲ್ಲಿ ಬಾಡಿಗೆ ಬೋರ್ಡು ಇರುವುದಿಲ್ಲ, ಡೇರಿಯಲ್ಲೋ ಸೊಸೈಟಿಯಲ್ಲೋ ಬಾಯಿಬಿಟ್ಟು ಕೇಳಬೇಕು. ಮನೆ ಖಾಲಿ ಬಿಡುವುದಕ್ಕಿಂತ ಯಾರಾದರೂ ಒಲೆ ಹಚ್ಚಿಕೊಂಡಿರಲಿ ಅನ್ನುವವರು ಸಿಗುತ್ತಾರೆ. ಬರುವುದಾದರೆ ಮೇ ತಿಂಗಳ ಮಧ್ಯಕ್ಕೇ ಬನ್ನಿ, ಮಳೆಗಾಲಕ್ಕೆ ಸೌದೆ ಒಳಗೆ ಹಾಕಿಕೊಳ್ಳುವುದು ಆಗಲೇ, ತಡವಾದರೆ ಒಣ ಸೌದೆ ಯಾರ ಮನೆಯಲ್ಲೂ ಸಿಗುವುದಿಲ್ಲ.